ಜಾಹೀರಾತಿನ ಚಾಕು ಮತ್ತು ಸುಬೇದಾರರ ಮಗಳ ಮದುವೆ

ನಮ್ಮ ಮನೆಯಲ್ಲಿ ತಿಂಗಳಿಗೊಂದಾದರೂ ಚಾಕುವಿನ ರಾಮಾಯಣ ನಡೆಯದೆ ಇರುವುದಿಲ್ಲ. ಬೇರೆಯವರ ಗಂಡಂದಿರಿಗೆ ಕ್ರಿಕೆಟ್ಟು, ಷೇರು, ಇಸ್ಪೀಟು ಅಂತ ಏನೋ ಒಂದು ಹುಚ್ಚು. ನಮ್ಮ ಯಜಮಾನರಿಗೆ ಚಾಕು. ಲೋಧಿ ಕಾಲೋನಿಯ ಈ ಎರಡು ಕೋಣೆಯ ಸರ್ಕಾರಿ ಮನೆಯಲ್ಲಿ ನನ್ನ ಸೀರೆಗಳಿಗೆ ಒಂದು ಕಪಾಟು, ಅವರ ಚಾಕುಗಳಿಗೆ ಒಂದೂವರೆ. ಇಬ್ಬರೂ ಕೇಂದ್ರ ಸರ್ಕಾರದ ನೌಕರರೇ. ಸಂಜೆ ಕಚೇರಿಯಿಂದ ಬಂದ ಮೇಲೆ ನಾನು ತರಕಾರಿ ಹೆಚ್ಚುತ್ತೇನೆ, ಅವರು ಸೋಫಾದಲ್ಲಿ ಕೂತು ಚಾಕು ಒರೆಸುತ್ತಾರೆ. ನನ್ನ ಕೈಯಲ್ಲಿರುವುದು ಯಾವತ್ತೂ ಹಿಡಿ ಸಡಿಲವಾದ ಹಳೆಯ ಚಾಕು.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಹೋದ ಚಳಿಗಾಲದಲ್ಲಿ ಮಾತ್ರ ಇವರ ಹುಚ್ಚು ಒಬ್ಬ ಒಳ್ಳೆಯ ಮನುಷ್ಯನ ಮರ್ಯಾದೆಗೇ ಕುತ್ತು ತಂದಿತು. ಅದಕ್ಕೇ ಇವತ್ತು ಎಲ್ಲ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

೧. ಪಾರ್ಸಲ್ಲು

ಎಲ್ಲ ಶುರುವಾದದ್ದು ಒಂದು ಜಾಹೀರಾತಿನಿಂದ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮ ಫೋನು ಕೇಳಿಸಿಕೊಂಡು ನಿಮಗೂ ತೋರಿಸಲು ಶುರುಮಾಡುತ್ತದೆ. ಉದ್ದ ಗಡ್ಡದವನೊಬ್ಬ ಹೊಗೆಯೊಳಗಿಂದ ಎದ್ದು ಬರುತ್ತಾನೆ. ಟೊಮೇಟೊ ಕುಯ್ಯುತ್ತಾನೆ, ಹಗ್ಗ ಕುಯ್ಯುತ್ತಾನೆ, ಯಾಕೋ ಗೊತ್ತಿಲ್ಲ, ಒಂದು ಬೂಟನ್ನೂ ಕುಯ್ಯುತ್ತಾನೆ. ಕೆಳಗೆ ಕೆಂಪು ಅಕ್ಷರದಲ್ಲಿ, ಇನ್ನು ಮೂರೇ ಮೂರು ಉಳಿದಿವೆ ಎಂದು ಬರುತ್ತದೆ. ಆ ಮೂರು ಎಂಟು ತಿಂಗಳಿಂದ ಹಾಗೇ ಉಳಿದಿದ್ದವು. ಇವರು ಮಾತ್ರ ಒಂದು ದಿನ ಗಾಬರಿಬಿದ್ದು ತರಿಸಿಬಿಟ್ಟರು. ಚಿಕ್ಕದು, ಮಧ್ಯಮ, ಮತ್ತೆ ಮೊಳದುದ್ದದ ಒಂದು ಭಾರಿ ಕತ್ತಿ.

ಪಾರ್ಸಲ್ ಬಂದ ದಿನ ಮನೆಯಲ್ಲಿ ಹಬ್ಬ. ನಾನೂ ಆಸೆಯಿಂದ, "ರೀ, ಕೊಡಿ ಇಲ್ಲಿ, ಈ ನಿಂಬೆಹಣ್ಣು ಕುಯ್ದು ನೋಡ್ತೀನಿ" ಅಂದೆ.

"ನಿಂಬೆಹಣ್ಣಾ? ಹುಳಿ ತಾಗಿದ್ರೆ ಅಲಗು ಕಪ್ಪಾಗುತ್ತೆ."

"ಕುಂಬಳಕಾಯಿ?"

"ಸಿಪ್ಪೆ ಗಟ್ಟಿ. ಅಲಗು ಮುಕ್ಕಾಗುತ್ತೆ."

"ಸೊಪ್ಪು?"

"ಸೊಪ್ಪಲ್ಲಿ ಮರಳು ಇರುತ್ತೆ."

"ಮತ್ತೆ ಇದರಲ್ಲಿ ಕುಯ್ಯೋದೇನು?"

ಅವರಿಗೆ ಕೋಪ ಬಂತು. ಒಳ್ಳೆಯ ವಸ್ತುವಿನ ಬೆಲೆ ನನಗೆ ಗೊತ್ತಿಲ್ಲವಂತೆ. ಅಷ್ಟು ಹೇಳಿ ಪೆಟ್ಟಿಗೆ ಬಿಚ್ಚಲು ಕೂತರು. ಅದಕ್ಕೆ ಸುತ್ತಿದ್ದ ಟೇಪು ಎಷ್ಟು ಕಿತ್ತರೂ ಬರಲಿಲ್ಲ. ಐದು ನಿಮಿಷ ಒದ್ದಾಡಿ, ಅಡುಗೆಮನೆಯ ಕಡೆ ತಿರುಗಿ, "ನಿನ್ನ ಹಳೇ ಚಾಕು ಸ್ವಲ್ಪ ಕೊಡು" ಅಂದರು.

೨. ಬೋಳು ಕೈಗಳು

ಇಂಥವರು ಇವರೊಬ್ಬರೇ ಆಗಿದ್ದರೆ ಗ್ರಹಚಾರ ಎಂದು ಸುಮ್ಮನಿರಬಹುದಿತ್ತು. ದೆಹಲಿಯಲ್ಲಿ ಇಂಥ ಏಳು ಜನ ಕನ್ನಡಿಗರಿದ್ದಾರೆ, ಫೋನಿನಲ್ಲಿ ಅವರದೊಂದು ಗುಂಪಿದೆ. ಈ ಚಾಕು ಬಂದ ಮೇಲೆ ಆ ಗುಂಪು ಎರಡು ಪಾಲಾಯಿತು. ಸರೋಜಿನಿ ನಗರದ ಲೆಕ್ಕಾಧಿಕಾರಿಯೊಬ್ಬರು, "ಇದು ಬರೀ ಬಣ್ಣ. ಉಕ್ಕು ಬೆಣ್ಣೆ ಥರ ಮೆತ್ತಗಿದೆ" ಅಂದರು. ನಮ್ಮವರಿಗೆ ಉರಿದುಹೋಯಿತು. "ಉಪಯೋಗಿಸೋಕೆ ಬರದವರು ಹಾಗೇ ಹೇಳ್ತಾರೆ" ಎಂದು ಬರೆದರು. ಇನ್ನೊಬ್ಬರು ಚೆನ್ನಾಗಿದೆ ಅಂದರು, ಆದರೆ ಜಾಹೀರಾತಿನಲ್ಲಿ ಹೇಳಿದಷ್ಟಲ್ಲ ಅಂದರು. ಅವರಿಗೆ ಎರಡು ಕಡೆಯಿಂದಲೂ ಬೈಗುಳ ಬಿತ್ತು.

ಹರಿತ ಇದೆಯೋ ಇಲ್ಲವೋ ಎಂದು ನೋಡುವುದಕ್ಕೆ ಇವರದೊಂದು ಕ್ರಮ ಇದೆ. ಎಡಗೈಯ ರೋಮ ಹೆರೆಯಬೇಕು. ಹೆರೆದದ್ದನ್ನು ವೀಡಿಯೊ ಮಾಡಿ ಕಳಿಸಬೇಕು. ಆ ತಿಂಗಳು ಕನ್ನಡ ಸಂಘದ ಊಟಕ್ಕೆ ಹೋದರೆ, ಪಂಕ್ತಿಯಲ್ಲಿ ಕೂತ ಏಳು ಗಂಡಸರ ಎಡಗೈ ಮೊಣಕೈವರೆಗೂ ಬೋಳು. ಬಡಿಸುತ್ತಿದ್ದ ಹೆಂಗಸೊಬ್ಬರು ನನ್ನ ಕಿವಿಯಲ್ಲಿ, "ಇವರಿಗೆಲ್ಲ ಒಂದೇ ಕಡೆ ಏನಾದರೂ ಚರ್ಮರೋಗ ತಗುಲಿದೆಯಾ?" ಎಂದು ಕೇಳಿದರು. ನನಗೆ ಎಲೆಯ ಮುಂದೆ ತಲೆ ಎತ್ತಲಾಗಲಿಲ್ಲ. ನಮ್ಮ ಮಗಳು ಬೇರೆ, "ಪಪ್ಪಾ, ರೈಟ್ ಹ್ಯಾಂಡ್ ಭೀ ಕರ್ ಲೋ, ಮ್ಯಾಚ್ ಆಗುತ್ತೆ" ಅಂದಳು.

ಒಂದು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೂ ಅದೇ ಜಗಳ. ಟಣ್ ಟಣ್ ಎಂದು ಫೋನು ಬಡಿದುಕೊಳ್ಳುತ್ತಲೇ ಇತ್ತು. ನನಗೆ ರೇಗಿಹೋಯಿತು. ಇವರು ಸ್ನಾನಕ್ಕೆ ಹೋದಾಗ ಫೋನು ತೆಗೆದುಕೊಂಡು, "ನಾನು ಇವರ ಹೆಂಡತಿ. ನಿಮ್ಮ ಏಳು ಜನರಲ್ಲಿ ಮನೆಯಲ್ಲಿ ಅಡುಗೆ ಮಾಡುವವರು ಯಾರು, ಕೈ ಎತ್ತಿ" ಎಂದು ಮಾತಾಡಿ ಕಳಿಸಿಬಿಟ್ಟೆ.

ಅರ್ಧ ಗಂಟೆ ಬಿಟ್ಟು ಒಬ್ಬರು ಗುಲಾಬಿ ಹೂವಿನ ಚಿತ್ರ ಹಾಕಿ "ಶುಭ ಮಧ್ಯಾಹ್ನ" ಅಂದರು.

೩. ಮೆಟ್ರೋದಲ್ಲಿ

ಜಗಳ ತೀರಲಿಲ್ಲ. ಕೊನೆಗೆ ಸುಬೇದಾರರು ಹೇಳಿದ್ದೇ ತೀರ್ಪು ಎಂದು ಏಳೂ ಜನ ಒಪ್ಪಿಕೊಂಡರು. ಸುಬೇದಾರರು ಎಂದರೆ ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ಘಾಜಿಯಾಬಾದಿನಲ್ಲಿ ಫ್ಲ್ಯಾಟ್ ತೆಗೆದುಕೊಂಡು ಇದ್ದಾರೆ. ಕತ್ತಿ ಕೋವಿಗಳ ಮಧ್ಯೆಯೇ ಬೆಳೆದ ಮನುಷ್ಯ. ಮಾತು ಕಡಿಮೆ, ಮೀಸೆ ಜಾಸ್ತಿ. ನಮಗಿಬ್ಬರಿಗೂ ಅವರೆಂದರೆ ಅಣ್ಣನಷ್ಟು ಗೌರವ.

ಅವರಿಗೆ ತೋರಿಸಬೇಕೆಂದು ಇವರು ಮಧ್ಯಮ ಚಾಕುವನ್ನು ಪೆಟ್ಟಿಗೆ ಸಮೇತ ಚೀಲಕ್ಕೆ ಹಾಕಿಕೊಂಡರು. "ರೀ, ಮೆಟ್ರೋದಲ್ಲಿ ಬಿಡಲ್ಲ" ಎಂದೆ. "ಅಡುಗೆಮನೆ ಸಾಮಾನು, ಯಾಕೆ ಬಿಡಲ್ಲ?" ಅಂದರು. ಚೀಲ ನಿಲ್ದಾಣದ ತಪಾಸಣೆ ಯಂತ್ರದೊಳಗೆ ಹೋದದ್ದೇ ತಡ, ಕಾವಲಿನವನು ನಿಲ್ಲಿಸಿದ. ಪೆಟ್ಟಿಗೆ ತೆಗೆಸಿ ನೋಡಿದ. ನೋಡಿ ನಕ್ಕ.

"ಅರೇ, ಇದಾ? ನನ್ನ ಹೆಂಡತಿಗೂ ಇದನ್ನೇ ತರಿಸಿ ಕೊಟ್ಟೆ ಸರ್. ಬ್ರೆಡ್ಡು ಕೂಡ ಕುಯ್ಯಲ್ಲ."

ನನಗೆ ಜೀವ ಬಂದ ಹಾಗಾಯಿತು. "ಹಾಂ ಭಯ್ಯಾ, ಏನೂ ಕುಯ್ಯಲ್ಲ. ಆಟದ ಸಾಮಾನು ಅಂದುಕೊಳ್ಳಿ, ಬಿಟ್ಟುಬಿಡಿ" ಎಂದೆ. ಅವನೂ "ಅಚ್ಛಾ, ದೊಡ್ಡ ಸಾಹೇಬರನ್ನು ಒಂದು ಮಾತು ಕೇಳ್ತೀನಿ" ಎಂದು ತಿರುಗಿದ. ಇವರು ಸುಮ್ಮನಿದ್ದರೆ ಕೆಲಸ ಆಗುತ್ತಿತ್ತೋ ಏನೋ. ಇವರ ಮುಖ ಕೆಂಪಾಯಿತು.

"ಕುಯ್ಯಲ್ಲ ಅಂದ್ರೆ? ಇದನ್ನು ಸರಿಯಾಗಿ ಮಸೆದರೆ ಮೂಳೆವರೆಗೂ ಹೋಗುತ್ತೆ. ನೋಡಿ ನನ್ನ ಕೈ" ಎಂದು ತೋಳು ಮಡಚಿ ಬೋಳು ಕೈ ತೋರಿಸಿದರು.

ಘಾಜಿಯಾಬಾದಿನವರೆಗೂ ಆಟೋದಲ್ಲಿ ಹೋದೆವು. ಆ ಚಳಿಯಲ್ಲಿ ದಾರಿಯುದ್ದಕ್ಕೂ ನಾನು ಇವರ ಕಡೆ ತಿರುಗಲಿಲ್ಲ. ಇವರೋ, ಕಾವಲಿನವನಿಗೆ ಮಸೆಯುವ ಕಲ್ಲು ಯಾವುದೆಂದು ಹೇಳುವುದು ಮರೆತೆನೆಂದು ಪೇಚಾಡುತ್ತಿದ್ದರು.

೪. ತೀರ್ಪು

ಸುಬೇದಾರರ ಮನೆಯಲ್ಲಿ ಮದುವೆಯ ಗಡಿಬಿಡಿ. ಇದ್ದೊಬ್ಬ ಮಗಳಿಗೆ ಊರಿನ ಕಡೆಯದೇ ಸಂಬಂಧ ಕೂಡಿ ಬಂದಿತ್ತು. ಮಗಳ ನೌಕರಿ, ಸ್ನೇಹಿತರು ಎಲ್ಲ ಇಲ್ಲೇ ಆದ್ದರಿಂದ ಮದುವೆಯನ್ನೂ ಘಾಜಿಯಾಬಾದಿನಲ್ಲೇ ಇಟ್ಟುಕೊಂಡಿದ್ದರು. ಹುಡುಗನ ಕಡೆಯವರು ಶಾಸ್ತ್ರದಲ್ಲಿ ಕಟ್ಟುನಿಟ್ಟು ಎಂದು ಕೇಳಿ ಸುಬೇದಾರರಿಗೆ ಒಳಗೊಳಗೇ ಭಯ. ದೆಹಲಿ ಸೇರಿ ಇವರು ಪದ್ಧತಿ ಮರೆತಿದ್ದಾರೆ ಎಂಬ ಒಂದು ಮಾತು ಬೀಗರ ಬಾಯಿಂದ ಬರಬಾರದು, ಅಷ್ಟೇ ಅವರ ಆಸೆ. "ಅದೊಂದು ಮಾತು ಬಂದರೆ ನಾನು ಊರಿಗೆ ಮುಖ ತೋರಿಸೋದು ಹೇಗೆ ತಂಗಿ?" ಅಂದರು ನನ್ನ ಹತ್ತಿರ.

ನನಗೆ ಅವರನ್ನು ನೋಡಿ ಪಾಪ ಅನ್ನಿಸಿತು. ಇವರಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ಚಾಕುವನ್ನು ಅವರ ಮುಂದೆ ಇಟ್ಟು, ಹೇಗಿದೆ ಹೇಳಿ ಎಂದು ಕೈಕಟ್ಟಿ ನಿಂತರು. ಸುಬೇದಾರರು ಕನ್ನಡಕ ಹಾಕಿಕೊಂಡರು. ಹೆಬ್ಬೆರಳಿನಿಂದ ಅಲಗು ಸವರಿದರು. ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಬಡಿದರು. ಹಿಡಿಯನ್ನು ಎರಡು ಸಲ ತಿರುವಿದರು.

"ಪೆಟ್ಟಿಗೆ ಬಹಳ ಚೆನ್ನಾಗಿದೆ" ಅಂದರು ಸುಬೇದಾರರು.

೫. ಬಾಳೆ

ಕೊಡವರ ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರವೊಂದಿದೆ. ನೆಲದಲ್ಲಿ ನೆಟ್ಟ ಬಾಳೆದಿಂಡುಗಳನ್ನು ಮನೆತನದ ಒಡಿಕತ್ತಿಯಿಂದ ಒಂದೊಂದೇ ಏಟಿಗೆ ಉರುಳಿಸಬೇಕು. ಒಡಿಕತ್ತಿ ಎಂದರೆ ಬಾಗಿದ ಅಗಲ ಅಲಗಿನ ಕತ್ತಿ. ಹುಡುಗನ ಕಡೆಯವರೂ ಕಡಿಯಬೇಕು, ಹುಡುಗಿಯ ಕಡೆಯಿಂದ ಸೋದರಮಾವನೂ ಕಡಿಯಬೇಕು. ಎರಡನೇ ಏಟು ಹಾಕಿದರೆ ನಗೆಪಾಟಲು.

ಮದುವೆಯ ಹಿಂದಿನ ದಿನ, ನಾವಿಬ್ಬರೂ ಸಹಾಯಕ್ಕೆಂದು ಅಲ್ಲಿದ್ದಾಗಲೇ, ಸೋದರಮಾವ ಊರಿಂದ ವಿಮಾನದಲ್ಲಿ ಬಂದರು. ಅವರ ಪೆಟ್ಟಿಗೆ ಬರಲಿಲ್ಲ. ಕತ್ತಿ ಆ ಪೆಟ್ಟಿಗೆಯಲ್ಲಿತ್ತು. ವಿಮಾನದವರನ್ನು ಕೇಳಿದರೆ, ಬೆಂಗಳೂರಲ್ಲೇ ಉಳಿದಿದೆ, ನಾಡಿದ್ದು ತಲುಪಿಸುತ್ತೇವೆ ಅಂದರು. ಸುಬೇದಾರರು ದೆಹಲಿಯಲ್ಲಿ ಗೊತ್ತಿದ್ದ ಕೊಡವರಿಗೆಲ್ಲ ಫೋನು ಮಾಡಿದರು. ಒಬ್ಬರಿಗೆ ವರ್ಗವಾಗಿತ್ತು, ಇನ್ನೊಬ್ಬರ ಕತ್ತಿ ಗೋಡೆಗೆ ಹಾಕುವ ಹಿತ್ತಾಳೆಯದು. ಬೀಗರ ಕತ್ತಿಯನ್ನೇ ಕೇಳೋಣವೆಂದು ಸುಬೇದಾರರ ಹೆಂಡತಿ ಹೇಳಿದ್ದಕ್ಕೆ, "ಹೆಣ್ಣು ಕೊಡೋ ಮನೆಯಲ್ಲಿ ಒಂದು ಕತ್ತಿಗೂ ಗತಿಯಿಲ್ಲ ಅನ್ನಿಸ್ಕೊಳ್ಳಲಾ?" ಎಂದು ತಲೆಯ ಮೇಲೆ ಕೈಹೊತ್ತು ಕೂತರು.

ಆಗ ಇವರು ಬಾಯಿಬಿಟ್ಟರು. "ಯೋಚನೆ ಮಾಡಬೇಡಿ. ನನ್ನ ಹತ್ತಿರ ದೊಡ್ಡದಿದೆ."

ಸುಬೇದಾರರು ಇವರ ಮುಖ ನೋಡಿದರು, ನನ್ನ ಮುಖ ನೋಡಿದರು. ಬೇರೆ ದಾರಿ ಇರಲಿಲ್ಲ. "ತನ್ನಿ" ಅಂದರು.

ಮರುದಿನ ಬೆಳಿಗ್ಗೆ ಮದುವೆಯ ಹಾಲ್‌ ಮುಂದೆ ಬಾಳೆದಿಂಡು ನೆಟ್ಟಾಯಿತು. ಚಾಕು ಗುಂಪಿನ ಏಳೂ ಜನ ಮುಂದಿನ ಸಾಲಿನಲ್ಲಿದ್ದರು. ಮೊದಲು ಹುಡುಗನ ಕಡೆಯವರು. ಅವರ ಜನ ಸುತ್ತ ಗುಂಪು ಕಟ್ಟಿದ್ದರಿಂದ ನಮಗೆ ಕಂಡದ್ದು ಹಿಡಿಗೆ ಸುತ್ತಿದ್ದ ಕೆಂಪು ರೇಷ್ಮೆ ಬಟ್ಟೆ ಮತ್ತು ಮೇಲೆದ್ದ ಅಲಗಿನ ಮಿಂಚು ಮಾತ್ರ. ಮೂರು ಏಟು, ಮೂರು ದಿಂಡು ನೆಲಕ್ಕೆ. ಓಲಗ ಮೊಳಗಿತು. ಸರೋಜಿನಿ ನಗರದ ಲೆಕ್ಕಾಧಿಕಾರಿಗಳು, "ನೋಡಿ, ಪರಂಪರೆಯ ಉಕ್ಕು ಅಂದ್ರೆ ಇದು. ಶಬ್ದ ಕೇಳಿದ್ರೇ ಗೊತ್ತಾಗುತ್ತೆ" ಅಂದರು. ನಮ್ಮವರೂ, ಕಡಿಮೆ ಅಂದರೆ ನೂರು ವರ್ಷದ್ದು ಎಂದರು. ಉಳಿದ ಐವರೂ ಹೌದೆಂದು ತಲೆ ಆಡಿಸಿದರು.

ಈಗ ನಮ್ಮ ಕಡೆಯ ಸರದಿ. ಸೋದರಮಾವ ಜಾಹೀರಾತಿನ ಕತ್ತಿ ಎತ್ತಿ ಬೀಸಿದರು. ಅದು ಅರ್ಧ ದಿಂಡಿನವರೆಗೆ ಹೋಗಿ ಕೂತುಬಿಟ್ಟಿತು. ಎಳೆದರು, ಬರಲಿಲ್ಲ. ಕಾಲು ಕೊಟ್ಟು ಜಗ್ಗಿದರು. ಹಿಡಿ ಕೈಗೆ ಬಂತು, ಅಲಗು ಬಾಳೆಯಲ್ಲೇ ಉಳಿಯಿತು.

ಓಲಗದವರು ನಿಲ್ಲಿಸಿದರು. ಸುಬೇದಾರರ ಮುಖ ನೋಡಲಾಗಲಿಲ್ಲ ನನಗೆ. ಪಕ್ಕದಲ್ಲಿ ಇವರು, "ದಿಂಡು ಸರಿಯಿಲ್ಲ, ನಾರು ಜಾಸ್ತಿ" ಅನ್ನುತ್ತಿದ್ದರು. ಅಲ್ಲೇ ಎರಡು ಬಿಡಬೇಕು ಅನ್ನಿಸಿತು. ಬೀಗರು ಈಗ ತಮ್ಮ ಕತ್ತಿ ಕೊಡುತ್ತೇವೆ ಅನ್ನುತ್ತಾರೆ, ಸುಬೇದಾರರ ಮಾನ ಹೋಗುತ್ತದೆ ಎಂದು ನಾನು ಕಾದೆ. ಹುಡುಗನ ಅಪ್ಪ ಯಾಕೋ ಏನೂ ಅನ್ನದೆ ತಮ್ಮ ಬೂಟು ನೋಡುತ್ತಾ ನಿಂತಿದ್ದರು.

ಗೇಟಿನ ಹತ್ತಿರ ಅತಿಥಿಗಳಿಗೆಂದು ಎಳನೀರಿನವನನ್ನು ಕೂರಿಸಿದ್ದರು. ನಾನು ಸೀರೆ ಎತ್ತಿಕಟ್ಟಿಕೊಂಡು ಓಡಿದೆ. "ಭಯ್ಯಾ, ನಿನ್ನ ಕತ್ತಿ ಕೊಡು, ಎರಡು ನಿಮಿಷ."

"ಮತ್ತೆ ಬೇಕಾ?" ಎಂದು ಗೊಣಗಿಕೊಂಡೇ ಕೊಟ್ಟ. ಅವನ ಮಾತಿಗೆ ಕಿವಿಗೊಡುವಷ್ಟು ವ್ಯವಧಾನ ನನಗಿರಲಿಲ್ಲ. ಓಡಿ ಬಂದು ಸೆರಗಿನಲ್ಲಿ ಒರೆಸಿ ಸೋದರಮಾವನ ಕೈಗಿಟ್ಟೆ. ಒಡಕು ದಿಂಡನ್ನು ಕಿತ್ತು ಬೇರೆ ನೆಟ್ಟರು. ಒಂದು, ಎರಡು, ಮೂರು. ಮೂರೂ ಬೆಣ್ಣೆಯಂತೆ ಉರುಳಿದವು. ಓಲಗ ಮತ್ತೆ ಶುರುವಾಯಿತು. ಸುಬೇದಾರರ ಮೀಸೆ ಮೇಲೆದ್ದಿತು. ಆ ಸಂತೋಷದಲ್ಲಿ ಬಾಯಿ ತಪ್ಪಿ ಹುಡುಗನ ಅಪ್ಪನಿಗೆ, "ಇದು ನಮ್ಮ ತಾತನ ಕಾಲದ ಕತ್ತಿ" ಅಂದುಬಿಟ್ಟರು.

ಹುಡುಗನ ಅಪ್ಪ ಕತ್ತಿಯನ್ನೇ ದಿಟ್ಟಿಸಿ, "ಒಳ್ಳೆ ಕತ್ತಿ. ಎಲ್ಲೋ ನೋಡಿದ ಹಾಗಿದೆ" ಅಂದರು.

ಅಷ್ಟಕ್ಕೆ ಮುಗಿದಿದ್ದರೆ ದೇವರಿಗೆ ಕಾಯಿ ಒಡೆಸುತ್ತಿದ್ದೆ. ಎಳನೀರಿನವನು ಕತ್ತಿ ಕೇಳಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದ. ಇವರಿಗೆ ಆ ಅಲಗು ನೋಡಿ ತಡೆಯಲಾಗಲಿಲ್ಲ. ನಾನು ಕಣ್ಣು ಕೆಕ್ಕರಿಸಿದೆ, ತೋಳು ಚಿವುಟಿದೆ. ಬೋಳು ಕೈಗೆ ಚಿವುಟಿದ್ದೂ ಗೊತ್ತಾಗಲಿಲ್ಲವೋ ಏನೋ. ಬೀಗರೆಲ್ಲರ ಎದುರಿಗೆ, ಎಲ್ಲರಿಗೂ ಕೇಳಿಸುವ ಹಾಗೆ, "ಭಯ್ಯಾ, ಯೇ ಕೌನ್ ಸೀ ಕಂಪನಿ ಕಾ ಹೈ?" ಎಂದರು.

"ಎಲ್ಲಿಯ ಕಂಪನಿ ಸಾಬ್, ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ್ದು" ಅಂದ ಅವನು. "ಮೊದಲು ಕೊಡಿ ಇಲ್ಲಿ. ಬೆಳಿಗ್ಗೆ ಹುಡುಗನ ಕಡೆಯವರು ಕೆಂಪು ಬಟ್ಟೆ ಸುತ್ತಿ ತಗೊಂಡು ಹೋದರು, ಈಗ ಹುಡುಗಿ ಕಡೆಯವರು. ನಾನು ಎಳನೀರು ಹಲ್ಲಲ್ಲಿ ಕಚ್ಚಿ ಕೊಡಲಾ?"

ನೂರು ವರ್ಷದ ಉಕ್ಕು ಎಂದಿದ್ದ ಏಳು ಜನ ಏಳು ದಿಕ್ಕಿಗೆ ನೋಡಿದರು. ಸುಬೇದಾರರು ನಿಧಾನವಾಗಿ ಬೀಗರ ಕಡೆ ತಿರುಗಿದರು. ಬೀಗರು ಕೆಮ್ಮಿದರು.

"ನಮ್ಮ ಪೆಟ್ಟಿಗೆ ಬೆಂಗಳೂರಲ್ಲೇ ಉಳಿದುಬಿಟ್ಟಿದೆ ಮಾರಾಯ್ರೇ" ಅಂದರು. "ನಿಮಗೆ ಹೇಳೋಕೆ ಮರ್ಯಾದೆ ಅಡ್ಡ ಬಂತು. ನಿಮ್ಮದು ಎಲ್ಲಿದೆ?"

"ಅಲ್ಲೇ" ಅಂದರು ಸುಬೇದಾರರು.

"ಹಾಗಾದರೆ ಬಿಡಿ" ಎಂದು ಬೀಗರು ಅವರ ಹೆಗಲ ಮೇಲೆ ಕೈ ಹಾಕಿದರು. "ಎರಡೂ ಕತ್ತಿ ಅಲ್ಲಿ ಪಕ್ಕಪಕ್ಕ ಕೂತು, ನಮಗಿಂತ ಮೊದಲೇ ಬೀಗರಾಗಿರ್ತಾವೆ."