ಪ್ಲೇನ್‌ಫೀಲ್ಡಿನ ಟ್ರಿನಿಡಾಡ್ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಪ್ಲೇನ್‌ಫೀಲ್ಡಿನಲ್ಲಿದ್ದಾರೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ! ಆ ಊರಿಗೆ ಬರುವುದು ಅವರ ಹೆಸರಿನ ಟಪಾಲು ಮಾತ್ರ. ಮನುಷ್ಯ ಇರುವುದು ಟ್ರಿನಿಡಾಡ್ ದ್ವೀಪದಲ್ಲಿ. ಅಲ್ಲಿ ಬಹಳ ವರ್ಷ ಗಣಿತದ ಮೇಷ್ಟರಾಗಿದ್ದು, ಆಮೇಲೆ ಶಿಕಾಗೋ ಪಕ್ಕದ ಪ್ಲೇನ್‌ಫೀಲ್ಡಿಗೆ ಬಂದವರು. ಸಾಮಾನು ಸರಂಜಾಮು ಬಂತು, ಕ್ಯಾಲೆಂಡರ್ ಮಾತ್ರ ಅಲ್ಲೇ ಉಳಿಯಿತು.

"ದೀಪಾವಳಿಗೂ ರಜ, ರಂಜಾನಿಗೂ ರಜ, ಕ್ರಿಸ್‌ಮಸ್ಸಿಗೂ ರಜ! ಇಂಡಿಯಾದಿಂದ ಮೊದಲ ಹಡಗು ಬಂದ ದಿನಕ್ಕೂ ರಜ ಕಣಮ್ಮಾ! ಅದಪ್ಪಾ ಸರ್ಕಾರ!" ಎಂದು ಈಗಲೂ ಹೊಗಳುತ್ತಾರೆ.

"ಪಾಠ ಯಾವಾಗ ಮಾಡ್ತಿದ್ರಂತೆ ಕೇಳು," ಎನ್ನುತ್ತಾರೆ ಚಿಕ್ಕಮ್ಮ.

ಅಲ್ಲಿನ ಕಾರ್ನಿವಲ್‌ನಲ್ಲಿ ಬೆಳಗಿನ ಜಾವ ಮೈಗೆಲ್ಲ ಕೆಸರು ಬಳಿದುಕೊಂಡು ಬೀದಿಯಲ್ಲಿ ಕುಣಿಯುತ್ತಾರಂತೆ. ಸರಿ, ಇಲ್ಲಿ ಫೆಬ್ರವರಿ, ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೆಲವೆಲ್ಲ ಹೆಪ್ಪುಗಟ್ಟಿ ಕಲ್ಲು. ಕೆಸರೆಲ್ಲಿಂದ ತರೋದು? ನಮ್ಮ ಚಿಕ್ಕಪ್ಪ ಕಡಲೆಹಿಟ್ಟು ಕಲಸಿ ಮುಖಕ್ಕೆ ಬಳಿದುಕೊಂಡು, ಸ್ನೋ ತೆಗೆಯುತ್ತಿದ್ದ ಪಕ್ಕದ ಮನೆಯವನ ಎದುರು ಕುಣಿದರು! ಪಾಪ, ಪೊಲೀಸರಿಗೆ ಫೋನ್ ಮಾಡಲೋ ಬೇಡವೋ ಎಂದು ಅವನು ಒದ್ದಾಡಿದನಂತೆ. ಚಿಕ್ಕಮ್ಮನ ಸಂಕಟವೇ ಬೇರೆ: "ಬೋಂಡ ಆಗ್ಬೇಕಿದ್ದ ಹಿಟ್ಟು ಕಣೇ ಅದು!"

ಇನ್ನು ಡಿಸೆಂಬರ್ ಬಂತೆಂದರೆ ಅಲ್ಲಿನ ಕ್ರಿಸ್‌ಮಸ್ ಪದ್ಧತಿ, 'ಪರಾಂಗ್'. ಹೇಳದೆ ಕೇಳದೆ ಮನೆಬಾಗಿಲಿಗೆ ಹೋಗಿ ಗಿಟಾರ್ ಬಾರಿಸುತ್ತಾ ಸ್ಪ್ಯಾನಿಷ್ ಹಾಡು ಹೇಳುವುದು. ಮನೆಯವರು ಬಾಗಿಲು ತೆರೆದು ತಿನ್ನಲು ಕೊಡುವುದು. ಅದೂ ಮೆಸೇಜ್ ಮಾಡದೆ ಸ್ವಂತ ತಂಗಿಯ ಮನೆಗೂ ಹೋಗಲಾಗದ ಈ ದೇಶದಲ್ಲಿ!

ಹೋದ ಡಿಸೆಂಬರ್‌ನಲ್ಲಿ ನನ್ನ ಕೆಲಸ ಹೋಯಿತು. ಬೇರೆ ಸಿಗದಿದ್ದರೆ ವೀಸಾನೂ ಹೋಗುತ್ತಿತ್ತು. ಶಿಕಾಗೋದ ಇನ್ನೊಂದು ಪಕ್ಕದ ಊರಾದ ಹಾಫ್‌ಮನ್ ಎಸ್ಟೇಟ್ಸ್‌ನ ನನ್ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಪರದೆ ಎಳೆದು ಕೂತೆ. ಫೋನ್ ಎತ್ತಲಿಲ್ಲ, ಒಲೆ ಹಚ್ಚಲಿಲ್ಲ, ಯಾರು ಬಂದರೂ ಬಾಗಿಲು ತೆರೆಯಲಿಲ್ಲ. ಒಂದು ಸಂಜೆ ಹೊರಗೆ ಗಿಟಾರ್! ಶ್ರುತಿಗೂ ಅದಕ್ಕೂ ಸಂಬಂಧವೇ ಇಲ್ಲ.

"ಚಿಕ್ಕಪ್ಪ, ಇವತ್ತು ಬೇಡ, ಹೋಗಿ," ಎಂದೆ ಒಳಗಿನಿಂದಲೇ.

"ಬಾಗಿಲು ತೆಗೆಯೋವರೆಗೂ ಹಾಡ್ಬೇಕು ಕಣೇ, ಅದು ಪದ್ಧತಿ! ನಂಗೆ ಬರೋದೇ ಎರಡು ಹಾಡು. ನಿನ್ನ ನೇಬರ್ಸ್ ಮೇಲಾದ್ರೂ ಕರುಣೆ ಇರ್ಲಿ!"

ತೆರೆದೆ. ಟೋಪಿಯ ಮೇಲೆ ಸ್ನೋ, ಮೂಗು ಕೆಂಪಗೆ. "ತಿನ್ನೋಕೇನಿದೆ?" ಎಂದರು. ಏನಿತ್ತು ನನ್ನ ಕರ್ಮ! ಡಬ್ಬಿಯ ತಳದಲ್ಲಿದ್ದ ರವೆ ಹುರಿದೆ. ಎಷ್ಟೋ ದಿನದ ಮೇಲೆ ಮನೆಯಲ್ಲಿ ಒಗ್ಗರಣೆ ಚಟಪಟ ಎಂದಿತು. ಕೆಲಸದ ಮಾತೇ ಎತ್ತದೆ ಎರಡು ತಟ್ಟೆ ಉಪ್ಪಿಟ್ಟು ತಿಂದರು, ನನಗೂ ಬಡಿಸಿದರು. ಅಳುತ್ತಲೇ ತಿಂದೆ.

ಮರುದಿನ ಚಿಕ್ಕಮ್ಮನ ಫೋನು. ಈ ಸಲ ಎತ್ತಿದೆ. "ನಿಂಗೆ ಅಂತ ಕಳಿಸಿದ ಬಿಸಿಬೇಳೆಬಾತ್ ಡಬ್ಬಿ ಕಾರಿಂದ ಇಳಿಸ್ದೆ ಹಾಗೇ ವಾಪಸ್ ತಂದಿದ್ದಾರೆ ಕಣೇ! ಕೇಳಿದ್ರೆ, 'ಕೊಟ್ಟಿದ್ರೆ ಅವಳು ಒಲೆ ಹಚ್ತಿದ್ಲಾ?' ಅಂತಾರೆ."

ಕೆಲಸ ಸಿಕ್ಕಿತು, ಇಲ್ಲೇ ಇದ್ದೇನೆ. ಈ ಡಿಸೆಂಬರ್‌ಗೆ ರವೆ ತಂದಿಟ್ಟಿದ್ದೇನೆ. ಬನ್ನಿ ಚಿಕ್ಕಪ್ಪ, ಆ ಎರಡೇ ಹಾಡು ಸಾಕು.