ಮೆಣಸಪ್ಪನನ್ನು ಕರೆಯುವ ವಿದ್ಯೆ

ಕರೆದ ಕೂಡಲೇ ಯಾರಾದರೂ ಎದ್ದು ಬರುವಂಥ ಯೋಗ ನನ್ನ ಜಾತಕದಲ್ಲಿಲ್ಲ. ಹೋಟೆಲಿನಲ್ಲಿ ನಾನು ಕೈಯೆತ್ತಿದರೆ ಮಾಣಿ ಪಕ್ಕದ ಮೇಜಿಗೆ ಹೋಗುತ್ತಾನೆ. ಕನ್ನಡ ಕೂಟದ ಸಭೆಗೆ ನಾನು ಫೋನ್ ಮಾಡಿ ಕರೆದವರಿಗೆಲ್ಲ ಅದೇ ದಿನ ಜ್ವರ ಬರುತ್ತದೆ. ಇದನ್ನೆಲ್ಲ ಹಣೆಬರಹವೆಂದು ನುಂಗಿಕೊಂಡೇ ಬಂದಿದ್ದೆ. ಆದರೆ ಹದಿನಾಲ್ಕು ಪೌಂಡು ತೂಕದ, ಒಂದು ಕಿವಿ ನೆಟ್ಟಗಾಗಿ ಇನ್ನೊಂದು ಜೋತುಬಿದ್ದ ನಾಯಿಯೂ ನನ್ನ ಕರೆಗೆ ಅದೇ ಬೆಲೆ ಕೊಟ್ಟಾಗ ಮಾತ್ರ ಮನಸ್ಸಿಗೆ ನಾಟಿತು. ನಾನು ಅಮೆರಿಕದ ವಾರೆನ್ ಎಂಬ ಊರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಾರಿನ ಬ್ರೇಕುಗಳ ಕೆಲಸ ಮಾಡುತ್ತಿರುವವನು. ಎರಡು ಟನ್ನಿನ ವಾಹನ ಮಂಜುಗಡ್ಡೆಯ ಮೇಲೆ ಎಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕಿ ಹೇಳಬಲ್ಲೆ. ನಾಯಿ ಎಲ್ಲಿ ನಿಲ್ಲುತ್ತದೆಂದು ಹೇಳಲಾರೆ.

ನಾಯಿ ನಮ್ಮ ಮನೆಗೆ ಬಂದದ್ದು ನನ್ನ ಹೆಂಡತಿ ಶೈಲಜಾಳ ಒಂದು ಮಾತಿನಿಂದ. ಒಬ್ಬಳೇ ಮಗಳು ಸಿಂಧು ಕೆಲಸ ಸಿಕ್ಕಿ ಷಿಕಾಗೋಗೆ ಹೋದ ಮೇಲೆ ಒಂದು ದಿನ, "ದಿನಕ್ಕೆ ಹತ್ತು ಸಲ ಅವಳ ಹೆಸರು ಕೂಗ್ತಿದ್ದೆ ಕಣ್ರೀ, ಈಗ ಬಾಯೇ ಬಿಕೋ ಅಂತಿದೆ" ಅಂದಳು. ಅದಕ್ಕೆ ಮದ್ದೆಂದು ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಒಂದು ಕಡೆಯಿಂದ ಟೆರಿಯರ್ ಎಂಬ ಬೇಟೆ ತಳಿಯ ಬೆರಕೆಯಾದ ಈ ಪ್ರಾಣಿಯನ್ನು ತಂದೆವು. ಹಿಂದಿನ ಮನೆಯವರು ಬೇಡವೆಂದು ಬಿಟ್ಟುಹೋಗಿದ್ದರಂತೆ. ಅಲ್ಲಿ ಇಟ್ಟಿದ್ದ ಹೆಸರು ಪೆಪ್ಪರ್. ಕ್ಯಾಂಟನ್ನಿನ ನಮ್ಮ ಮನೆಗೆ ಬರುವಷ್ಟರಲ್ಲಿ ಶೈಲಜಾ ಅದನ್ನು ಮೆಣಸಪ್ಪ ಮಾಡಿದ್ದಳು. ಅವಳಿಗೆ ಇನ್ನೊಂದು ಒಳ ಆಸೆಯೂ ಇತ್ತು. ಹಿತ್ತಲಲ್ಲಿ ಹಾಕಿದ್ದ ಅವರೆ ಸಸಿಗಳನ್ನೆಲ್ಲ ಚಿಪ್‌ಮಂಕುಗಳು, ಅಂದರೆ ನಮ್ಮ ಅಳಿಲಿನ ಅಮೆರಿಕದ ದಾಯಾದಿಗಳು, ಬುಡ ಸಮೇತ ಕೀಳುತ್ತಿದ್ದವು. "ಇವನು ಬೇಟೆ ಆಡಲಿ, ಆದ್ರೆ ಒಂದನ್ನೂ ಸಾಯಿಸಬಾರದು" ಎಂದು ಷರತ್ತು ಹಾಕಿದಳು. ಮೆಣಸಪ್ಪ ತಲೆ ಓರೆ ಮಾಡಿ ಕೇಳಿಸಿಕೊಂಡ. ಅರ್ಥವಾಯಿತೆಂದೇ ನಾವು ತಿಳಿದೆವು.

ಮೊದಲ ವಾರವೇ ಒಂದು ಚಿಪ್‌ಮಂಕ್ ಬೇಲಿ ನುಸುಳಿತು, ಹಿಂದೆಯೇ ಇವನೂ ನುಸುಳಿದ. ಪಂಚೆಯುಟ್ಟು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, "ಪೆಪ್ಪರ್, ಕಮ್! ಕಮ್!" ಎಂದು ಅರಚುತ್ತ ನಾನು ಇಡೀ ಬಡಾವಣೆಗೆ ದರ್ಶನ ಕೊಟ್ಟೆ. ವಿಚಿತ್ರವೆಂದರೆ ನಾನು ಕೂಗಿದಷ್ಟೂ ಅವನು ಮೈ ಕುಗ್ಗಿಸಿಕೊಂಡು ಇನ್ನೂ ಜೋರಾಗಿ ಓಡುತ್ತಿದ್ದ. ದೊಡ್ಡ ರಸ್ತೆಗೆ ಇಪ್ಪತ್ತು ಹೆಜ್ಜೆ ಇದೆ ಅನ್ನುವಾಗ ಅಂಚೆ ಹಂಚುವ ಹೆಂಗಸು ಅವನನ್ನು ಹಿಡಿದುಕೊಟ್ಟಳು. ಕಾರುಗಳು ಐವತ್ತು ಮೈಲಿ ವೇಗದಲ್ಲಿ ಓಡುವ ರಸ್ತೆ ಅದು. ಬ್ರೇಕಿನವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕರೆದರೆ ಬರುವುದನ್ನು ಕಲಿಯದಿದ್ದರೆ ಈ ನಾಯಿ ಉಳಿಯುವುದಿಲ್ಲ.

ಹತ್ತಿರದ ಊರು ಆನ್ ಆರ್ಬರ್ ಪಕ್ಕದಲ್ಲಿ ನಾಯಿಗಳಿಗೆ ಪಾಠ ಹೇಳುವ ಲಿಂಡಾ ಎಂಬಾಕೆಯ ಬಳಿ ಹೋದೆವು. ನಾನು "ಕಮ್" ಎಂದು ಕರೆದು ತೋರಿಸಿದೆ. ಮೆಣಸಪ್ಪ ನೆಲಕ್ಕೆ ಅಂಟಿಕೊಂಡ. "ಆ ಮಾತು ಇವನ ಪಾಲಿಗೆ ಕೆಟ್ಟುಹೋಗಿದೆ. ಯಾರೋ ಹಾಗೆ ಕರೆದು ಹೊಡೆದಿದ್ದಾರೆ. ಇವನು ಕೇಳಿಯೇ ಇರದ ಮಾತಿನಲ್ಲಿ ಕರೆಯಿರಿ. ಎಷ್ಟು ತಡವಾಗಿ ಬಂದರೂ ಬಯ್ಯಬೇಡಿ, ಏನಾದರೂ ಕೊಡಿ" ಎಂದರು ಲಿಂಡಾ. ಅಂದಿನಿಂದ "ಬಾ" ಎಂದು ಕರೆಯತೊಡಗಿದೆವು. ಈ ಶಾಸ್ತ್ರ ಮೈಸೂರಿನ ನಮ್ಮಜ್ಜಿಗೆ ಎಂದೋ ಗೊತ್ತಿತ್ತು. ಅಪ್ಪ ಕರೆದರೆ ಹದಿನೇಳರ ಮಗ್ಗಿ ಒಪ್ಪಿಸಬೇಕು, ಹಾಗಾಗಿ ನಾವು ಮಕ್ಕಳು ಅಟ್ಟ ಸೇರುತ್ತಿದ್ದೆವು. ಅಜ್ಜಿ ಕರೆದರೆ ಕೈಯಲ್ಲಿ ಒಂದು ಚೂರು ಕೊಬ್ಬರಿ ಮಿಠಾಯಿ ಇದ್ದೇ ಇರುತ್ತಿತ್ತು. ಮೂರನೇ ಬೀದಿಯಲ್ಲಿದ್ದರೂ ನಮಗೆ ಕೇಳಿಸುತ್ತಿತ್ತು. ಬೇಯಿಸಿದ ಕೋಳಿ ಕೊಡಿ ಎಂದ ಲಿಂಡಾ ಶೈಲಜಾಳ ಮುಖ ನೋಡಿ ತಾವೇ ಪನೀರಿಗೆ ಇಳಿದರು.

ಬೇಟೆಯ ವಿಷಯದಲ್ಲಿ, "ಅರ್ಧ ಬೇಟೆ ಅನ್ನೋದು ಟೆರಿಯರ್‌ಗೆ ಗೊತ್ತಿಲ್ಲ. ಆದರೆ ಮೂಗಿಗೆ ಕೆಲಸ ಕೊಡಬಹುದು" ಎಂದು ತುಪ್ಪಳದ ಚೆಂಡೊಂದನ್ನು ಎತ್ತರದ ಹುಲ್ಲಿನಲ್ಲಿ ಬಚ್ಚಿಟ್ಟು ಹುಡುಕಿಸಿದರು. ಅವನು ಹುಡುಕುತ್ತಿರುವಾಗಲೇ ನಾನು ಕರೆಯಬೇಕು. ಕರೆದೆ, ಬಂದ! ನಾನು ಸಂಭ್ರಮದಿಂದ ಹಗ್ಗ ಹಾಕಿಬಿಟ್ಟೆ. ಮೂರನೆಯ ಸಲಕ್ಕೆ ಅವನು ಬರುವುದನ್ನೇ ನಿಲ್ಲಿಸಿದ. ಲಿಂಡಾ ಸೊಂಟಕ್ಕೆ ಕೈಕೊಟ್ಟು, "ನೀವು ಕರೆಯುವುದೇ ಹಿಡಿದುಕೊಳ್ಳಲಿಕ್ಕೆ. ನಾನಾಗಿದ್ದರೂ ಬರುತ್ತಿರಲಿಲ್ಲ. ಹತ್ತು ಸಲ ಬಂದರೆ ಒಂಬತ್ತು ಸಲ ವಾಪಸ್ ಕಳಿಸಿ. ಮತ್ತೆ ಬಿಡುತ್ತಾರೆ ಅಂತ ನಂಬಿಕೆ ಇದ್ದರೇ ಬರುವುದು" ಎಂದರು.

ವಾಪಸ್ ಬರುವಾಗ ಕಾರು ಹೆದ್ದಾರಿ ಬಿಟ್ಟು ಕ್ಯಾಂಟನ್ ಕಡೆಗೆ ತಿರುಗಿತು. ಶೈಲಜಾ ಮೆಲ್ಲಗೆ, "ರೀ, ಸಿಂಧು ಬಂದಾಗಲೆಲ್ಲ ನಾವು ಏನ್ ಮಾಡ್ತೀವಿ?" ಅಂದಳು.

ಏನು ಮಾಡುತ್ತೇವೆ? ಅವಳು ಷೂ ಬಿಚ್ಚುವ ಮುಂಚೆಯೇ ಶೈಲಜಾ "ಎಷ್ಟು ಸೊರಗಿದೀಯ" ಎಂದು ಶುರುಮಾಡುತ್ತಾಳೆ. ನಾನು ಆನ್ ಆರ್ಬರಿನಲ್ಲಿ ಯಾವ್ಯಾವ ಕೆಲಸ ಖಾಲಿಯಿದೆಯೆಂದು ಓದಿ ಹೇಳುತ್ತೇನೆ. ಊಟದ ಹೊತ್ತಿಗೆ ಒಂದು ಜಾತಕ ಹೊರಬರುತ್ತದೆ. ಭಾನುವಾರ ಹೊರಟು ನಿಂತರೆ ಊಟ ಮಾಡ್ಕೊಂಡು ಹೋಗು, ಕಾಫಿ ಕುಡ್ಕೊಂಡು ಹೋಗು ಎಂದು ಕತ್ತಲಾಗುವವರೆಗೆ ಹಿಡಿದಿಡುತ್ತೇವೆ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದಳು. ಆಮೇಲೆ ಹಬ್ಬಕ್ಕೆ ಬಂದಳು. ಈಗ ನಾಲ್ಕು ತಿಂಗಳಿಂದ "ಬ್ಯುಸಿ, ಅಪ್ಪಾ."

ಮೆಣಸಪ್ಪ ಆರು ವಾರದಲ್ಲಿ ಕಲಿತ. ಒಂದು ಸಂಜೆ ಚಿಪ್‌ಮಂಕಿನ ಬಾಲಕ್ಕೂ ಅವನ ಮೂಗಿಗೂ ಗೇಣು ದೂರವಿರುವಾಗ "ಬಾ!" ಎಂದೆ. ಗಾಳಿಯಲ್ಲೇ ತಿರುಗಿದವನಂತೆ ತಿರುಗಿ ಓಡಿಬಂದ. ಪನೀರು ಕೊಟ್ಟು "ಹೋಗು, ಹುಡುಕು" ಎಂದು ಬಿಟ್ಟೆ. ಅಷ್ಟರಲ್ಲಿ ಚಿಪ್‌ಮಂಕ್ ಬಿಲ ಸೇರಿತ್ತು. ಅವರೆ ಉಳಿಯಲಿಲ್ಲ, ಅಹಿಂಸೆ ಉಳಿಯಿತು.

ಅಕ್ಟೋಬರಿನಲ್ಲಿ ಸಿಂಧು ಬಂದಳು. ಈ ಸಲ ಏನೂ ಕೇಳಬಾರದು, ಹಿಡಿದಿಡಬಾರದು ಎಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡಿದ್ದೆವು. ನನ್ನ ನಾಲಿಗೆ ತುದಿಗೆ ಆನ್ ಆರ್ಬರ್ ಬಂದಾಗಲೆಲ್ಲ ಶೈಲಜಾ ನನ್ನ ಕೈಗೊಂದು ಕೋಡುಬಳೆ ಕೊಡುತ್ತಿದ್ದಳು. ಎರಡು ದಿನದಲ್ಲಿ ಒಂದು ಡಬ್ಬಿ ಖಾಲಿಯಾಯಿತು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಎದೆ ಗಟ್ಟಿಮಾಡಿಕೊಂಡು, "ಹೊರಡಮ್ಮಾ, ಬೆಳಕಿರೋವಾಗ್ಲೇ ಸೇರ್ಕೊ" ಅಂದೆ. ಅವಳು ನಮ್ಮಿಬ್ಬರನ್ನೂ ಬದಲಾಯಿಸಿ ಬದಲಾಯಿಸಿ ನೋಡಿ, "ಓಕೆ..." ಎಂದು ರಾಗ ಎಳೆದು ಹೊರಟಳು.

ಅವಳು ಹೊರಟು ಎರಡು ಗಂಟೆ ಕಳೆದಿರಬೇಕು, ಕಾರು ವಾಪಸ್ ಬಂದು ಮನೆ ಮುಂದೆ ನಿಂತಿತು. "ಜಾಕ್ಸನ್ ಊರಿನ ಹತ್ರ ಕಾರ್ ವಾಪಸ್ ಟರ್ನ್ ಮಾಡ್ದೆ. ಯಾರಿಗೆ ಏನಾಗಿದೆ? ಟೆಲ್ ಮಿ ದ ಟ್ರೂತ್. ಅಮ್ಮಂಗಾ? ನಿಮಗಾ?" ಅವಳ ಕಣ್ಣು ಕೆಂಪಾಗಿತ್ತು. ದಿಕ್ಕು ತೋಚದೆ ಲಿಂಡಾ, ತುಪ್ಪಳದ ಚೆಂಡು, ಹಗ್ಗ, ಎಲ್ಲವನ್ನೂ ಹೇಳಿದೆ.

"ಸೋ ಐ ಆ್ಯಮ್ ದ ಡಾಗ್?"

"ನೀನಲ್ವೇ, ನಾವು" ಅಂದಳು ಶೈಲಜಾ. "ಅವನು ಆರು ವಾರಕ್ಕೆ ಕಲಿತ. ನಮಗೆ ಇಪ್ಪತ್ತಾರು ವರ್ಷ ಬೇಕಾಯ್ತು."

ಸಿಂಧು ನಕ್ಕಳು, ಆಮೇಲೆ ಮೂಗೊರೆಸಿಕೊಂಡಳು, ಆಮೇಲೆ ತಾನೇ ಷೂ ಬಿಚ್ಚಿ ರಾತ್ರಿ ಉಳಿದಳು.

ಸೋಮವಾರ ಬೆಳಿಗ್ಗೆ ಅವಳ ಕಾರು ತಿರುವಿನಲ್ಲಿ ಮರೆಯಾಯಿತು. ಯಾವಾಗ ಬರ್ತೀಯ ಎಂದು ನಾನು ಕೇಳಲಿಲ್ಲ. ಅದಕ್ಕೇ ಇರಬೇಕು, ಕಾಲು ಅಲ್ಲಿಂದ ಏಳಲಿಲ್ಲ. "ರೀ, ಬನ್ನಿ ಒಳಗೆ, ಚಳಿ ಕೊರೀತಿದೆ" ಎಂದು ಶೈಲಜಾ ಒಮ್ಮೆ ಕರೆದಳು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕರೆದಳು. ಮೂರನೆಯ ಸಲ ಕರೆಯಲಿಲ್ಲ. ಶಾಲು ಹೊದ್ದುಕೊಂಡು ತಾನೇ ಹೊರಗೆ ಬಂದು ಪಕ್ಕದಲ್ಲಿ ನಿಂತಳು. ಬಾಗಿಲಲ್ಲಿ ಕೂತು ಮೆಣಸಪ್ಪ ನಮ್ಮನ್ನು ಕರೆಯತೊಡಗಿದ. ಒಂದು ಸಲ ಬೊಗಳಿದ, ಎರಡು ಸಲ ಬೊಗಳಿದ. ತಿರುವಿನ ಕಡೆಗೇ ನೋಡುತ್ತಿದ್ದ ನಾವು ಹೋಗಲಿಲ್ಲ.