ಅರೆಕೆರೆಗೂ ಅದೇ ವಾಚನ

ಬೈಬಲ್ ಓದುವುದರಲ್ಲಿ ಕಷ್ಟವೇನೂ ಇಲ್ಲ. ಓದಿದ್ದನ್ನು ಹೆಂಡತಿ ಕೇಳಿಸಿಕೊಂಡಳೋ, ಅಲ್ಲಿಂದ ಶುರು.

ಈ ಸಲ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆ ನಾನೊಂದು ಘನವಾದ ಪ್ರತಿಜ್ಞೆ ಮಾಡಿದೆ. ಪ್ರತಿ ವರ್ಷ ಮಟನ್ ಬಿಡುತ್ತಿದ್ದೆ. ಈಗ ಅದನ್ನು ಡಾಕ್ಟರೇ ಬಿಡಿಸಿದ್ದಾರೆ. (ದೇವರಿಗೆ ಬಿಟ್ಟುಕೊಡಲು ನನ್ನ ಹತ್ತಿರ ಏನೂ ಉಳಿಸಿಲ್ಲ ಆ ಮನುಷ್ಯ.) ಆದ್ದರಿಂದ ಚರ್ಚ್ ಕ್ಯಾಲೆಂಡರಿನಲ್ಲಿರುವ ಆಯಾ ದಿನದ ಶುಭಸಂದೇಶವನ್ನು ಬೆಳಿಗ್ಗೆ ಓದಿ, ಸೂರ್ಯ ಮುಳುಗುವುದರೊಳಗೆ ಆಚರಣೆಗೆ ತರತಕ್ಕದ್ದು ಎಂದು ಘೋಷಿಸಿದೆ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಟೈಂ ಕೀಪರ್ ಆಗಿದ್ದವನು, ಒಂದು ನಿಮಿಷ ತಡವನ್ನೂ ಸಹಿಸಿದವನಲ್ಲ.

ಸೋಮವಾರ ಓದಿದೆ. ಹಸಿದವರಿಗೆ ಅನ್ನ ಕೊಟ್ಟವರು, ಕಾಯಿಲೆಯವರನ್ನು ನೋಡಲು ಹೋದವರು ಸ್ವರ್ಗಕ್ಕೆ, ಉಳಿದವರು ಬೆಂಕಿಗೆ.

"ಕಾಯಿಲೆಯವರು ಅಂದ್ರೆ," ಎಂದಳು ಹೆಂಡತಿ ಫಿಲೋಮಿನ, ಬೀನ್ಸ್ ಮುರಿಯುತ್ತಾ, "ಅರೆಕೆರೆಲಿ ಭಾವನವರಿಗೆ ಹಾರ್ಟ್ ಆಪರೇಷನ್ ಆಗಿ ತಿಂಗಳಾಯ್ತು. ಡಾಕ್ಟ್ರು ಏನೂ ಹೇಳೋಕಾಗಲ್ಲ ಅಂದಿದಾರಂತೆ."

ನಾನು ಶರ್ಟು ಹಾಕಿಕೊಂಡು ಹೊರಟೆ. ಅವಳ ಕಣ್ಣು ತುಂಬಿ ಬಂತು. ಎರಡು ಕಿತ್ತಳೆ ಹಣ್ಣು ಚೀಲಕ್ಕೆ ಹಾಕಿದಳು. ನಾನು ಮೆಟ್ಟಿಲಿಳಿದು ಕೆಳಗಿನ ಮನೆಯ ತಿಪ್ಪಣ್ಣನ ಕಾಲು ಉಳುಕಿದ್ದನ್ನು ನೋಡಿ, ಹಣ್ಣು ಕೊಟ್ಟು, ಹತ್ತು ನಿಮಿಷದಲ್ಲಿ ಸ್ವರ್ಗ ಗಿಟ್ಟಿಸಿ ವಾಪಸು ಬಂದೆ.

ಅರೆಕೆರೆಯ ಅಣ್ಣ ಚೌರಪ್ಪನಿಗೂ ನನಗೂ ಎಂಟು ವರ್ಷದಿಂದ ಮಾತಿಲ್ಲ. ಜಗಳ ಆಸ್ತಿಯದಲ್ಲ, ಗುಂಡಿಯದು. ಸ್ಮಶಾನದಲ್ಲಿ ನಮ್ಮ ಅಪ್ಪ ಅಮ್ಮನದು ಒಂದೇ ಸಮಾಧಿ. ಬೆಂಗಳೂರಿನಲ್ಲಿ ಸತ್ತವರಿಗೂ ಸೈಟು ಸಿಗುವುದಿಲ್ಲವಾದ್ದರಿಂದ ನಮ್ಮವರು ಹಳೆಯ ಸಮಾಧಿಯನ್ನೇ ತೆಗೆದು ಮನೆಯವರನ್ನು ಇಡುತ್ತಾರೆ. ಒಮ್ಮೆ ಮುಚ್ಚಿದರೆ ಹದಿನಾಲ್ಕು ವರ್ಷ ಮುಟ್ಟುವಂತಿಲ್ಲ ಎಂಬುದು ನಮ್ಮ ಚರ್ಚಿನ ಕಾನೂನು. ಎಂಟು ವರ್ಷದ ಹಿಂದೆ ಸತ್ತವರ ಹಬ್ಬದ ದಿನ ಇಬ್ಬರೂ ಅದಕ್ಕೆ ಸುಣ್ಣ ಹೊಡೆಯುತ್ತಿದ್ದಾಗ ಅಣ್ಣ, "ಮುಂದೆ ಇಲ್ಲಿ ನಾನು" ಎಂದ. "ಹಿರಿಯ ಅಂತ ಎಲ್ಲದರಲ್ಲೂ ನೀನೇ ಮೊದಲಾ? ಚಿಕ್ಕವನಿದ್ದಾಗ ಅಮ್ಮನ ಮಗ್ಗುಲಲ್ಲಿ ಮಲಗ್ತಿದ್ದವನು ನಾನು" ಎಂದೆ. ಕುಂಚಗಳು ಹಾರಿದವು. ಅಂದಿನಿಂದ ಪ್ರತಿ ನವೆಂಬರಿನಲ್ಲಿ ಆ ಹಬ್ಬಕ್ಕೆ ಅವನು ಬೆಳಿಗ್ಗೆ ಬಿಳಿ ಸುಣ್ಣ ಹೊಡೆಯುತ್ತಿದ್ದ, ನಾನು ಸಂಜೆ ಹೋಗಿ ಅದರ ಮೇಲೆ ನೀಲಿ ಹೊಡೆಯುತ್ತಿದ್ದೆ.

ಮಂಗಳವಾರ ಕ್ಷಮಿಸಬೇಕೆಂದು ಬಂತು. ಶರ್ಟು ಸುಟ್ಟಿದ್ದ ಇಸ್ತ್ರಿಯವನನ್ನು ಕ್ಷಮಿಸಿದೆ. ಬುಧವಾರದ ವಾಚನದಲ್ಲಿ ಪ್ರವಾದಿ ಯೋನನ ಹೆಸರು ಬಂತು.

"ಹೋಗು ಅಂದ ಊರಿಗೆ ಹೋಗದೆ ಓಡಿಹೋದವನು ತಾನೇ?" ಎಂದಳು ಫಿಲೋಮಿನ. "ಅವನನ್ನ ಮೀನು ನುಂಗ್ತು. ನಿಮ್ಮನ್ನ ಅದೂ ನುಂಗಲ್ಲ ಬಿಡಿ."

ಶುಕ್ರವಾರ ಕ್ಯಾಲೆಂಡರು ನನ್ನ ಕುತ್ತಿಗೆಗೇ ಕೈ ಹಾಕಿತು. ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ದೇವರ ಕಾಣಿಕೆಯನ್ನೂ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಇತ್ತು. ಫಿಲೋಮಿನ ಕೊಡೆಯನ್ನು ತಂದು ಬಾಗಿಲ ಬಳಿ ಇಟ್ಟಳು.

ಆಗ ನನಗೆ ಅದ್ಭುತವಾದ ತರ್ಕವೊಂದು ಹೊಳೆಯಿತು. "ಲೇ, ಈ ವಾಚನ ಪ್ರಪಂಚಕ್ಕೆಲ್ಲ ಒಂದೇ ತಾನೇ? ರೋಮಿಗೂ ಇದೇ, ಅರೆಕೆರೆಗೂ ಇದೇ. ಅವನೂ ಬೆಳಿಗ್ಗೆ ಓದಿರ್ತಾನೆ. ಬರ್ತಾನೆ ನೋಡು."

"ಎದೆ ಕೊಯ್ದಿರೋರು ಹೇಗ್ರೀ ಬರ್ತಾರೆ?"

"ಆಟೋ ಇಲ್ವಾ?"

ಕ್ಷೌರ ಮಾಡಿಕೊಂಡು, ಇಸ್ತ್ರಿ ಶರ್ಟು ಹಾಕಿ, ಬಾಗಿಲಿಗೆ ಎದುರಾಗಿ ಕುಳಿತೆ. ನಿಜ ಹೇಳುತ್ತೇನೆ, ಬರಲಿ ಎಂದು ಆಸೆಯಿತ್ತು. ಬಂದರೆ ಹೇಳಬೇಕಾದ ಮಾತನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಮಧ್ಯಾಹ್ನ ಬೆಲ್ ಆಯಿತು. ಎದ್ದು ಓಡಿದೆ. ತಿಪ್ಪಣ್ಣ, ಕಿತ್ತಳೆಯ ಚೀಲ ವಾಪಸು ಕೊಡಲು ಕುಂಟುತ್ತಾ ಬಂದಿದ್ದ. ಸಂಜೆಯಾದರೂ ಅರೆಕೆರೆಯಿಂದ ಯಾರೂ ಬರಲಿಲ್ಲ. "ಅವನ ಕ್ರೈಸ್ತತನ ಇಷ್ಟೇ" ಎಂದು ಶರ್ಟು ಬಿಚ್ಚಿದೆ.

ಶನಿವಾರ ಪುಟ ನೋಡಿದರೆ, ಶತ್ರುಗಳನ್ನು ಪ್ರೀತಿಸಿ ಎಂದಿದೆ. ನನಗೆ ಪ್ರಪಂಚದಲ್ಲಿ ಇರುವುದು ಒಬ್ಬನೇ ಶತ್ರು. ಸಹೋದರನೆಂದು ನಿನ್ನೆ ತಪ್ಪಿಸಿಕೊಂಡವನು ಶತ್ರುವೆಂದು ಇವತ್ತು ಸಿಕ್ಕಿಬಿದ್ದೆ. ಫಿಲೋಮಿನ ಚಪ್ಪಲಿ ಹಾಕಿಕೊಂಡು ನಿಂತೇ ಇದ್ದಳು. ಬಸ್ಸಿನಲ್ಲಿ ಕುಳಿತು ಫಾದರಿಗೆ ಒಂದು ಚೀಟಿ ಬರೆದೆ: ಆ ಸಮಾಧಿ ನನ್ನ ಅಣ್ಣನಿಗಿರಲಿ, ನನ್ನದೇನೂ ತಕರಾರಿಲ್ಲ. ಬರೆದ ಮೇಲೆ ಎದೆ ಹಗುರಾಯಿತು, ಸ್ವಲ್ಪ ಉಬ್ಬಿತು ಕೂಡ.

ಅರೆಕೆರೆಯ ಆ ರಸ್ತೆಗೆ ತಿರುಗಿದಾಗ ಮನೆ ಮುಂದೆ ಬಾಡಿಗೆ ಕುರ್ಚಿಗಳನ್ನು ಇಳಿಸುತ್ತಿದ್ದರು.

"ಈಗ ತಾನೇ ಫೋನ್ ಮಾಡಿಸ್ದೆ ಇನ್ನಾಸಪ್ಪ, ನೀವು ತೆಗೀಲಿಲ್ಲ," ಎಂದರು ಅತ್ತಿಗೆ ಲೂರ್ದಮ್ಮ. "ಬೆಳಿಗ್ಗೆ ಆರೂವರೆಗೆ ಹೋಗ್ಬಿಟ್ರು. ನಿನ್ನೆಯೆಲ್ಲ ನಿಮಗೇ ಕಾದ್ರು. 'ಇವತ್ತಿನ ವಾಚನ ಹಂಗಿದೆ ಕಣೇ, ಅವನು ಬಂದೇ ಬರ್ತಾನೆ' ಅಂತ ಶರ್ಟು ಹಾಕಿಸ್ಕೊಂಡು ಬಾಗಿಲ ಹತ್ರ ಕೂತಿದ್ರು. ಶಾವಿಗೆ ಮಾಡ್ಸಿದ್ರು. ಸಂಜೆ ನಾನು ಬೈದೆ, ಎಂಥಾ ತಮ್ಮ ರೀ ನಿಮ್ಮವನು ಅಂತ. ನಕ್ಕರು. 'ಅವನು ಮೊಂಡ. ಸಹೋದರ ಅಂದ್ರೆ ಬರಲ್ಲ. ನಾಳೆ ಶತ್ರು ಅಂತಿದೆ ನೋಡು, ನಾಳೆ ಬರ್ತಾನೆ' ಅಂದ್ರು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಳು ಬಂತು. ಅತ್ತೆ.

ಅಷ್ಟರಲ್ಲಿ ಫಾದರ್ ಬಂದರು. ನಾನು ಚೀಟಿ ಕೊಟ್ಟೆ. ಅತ್ತಿಗೆ ತಡೆದರು. "ಬೇಡ ಫಾದರ್. ಆ ಜಾಗ ತಮ್ಮನಿಗೇ ಅಂತ ನಿನ್ನೆ ಹೇಳಿದಾರೆ. ಅವನಿಗೆ ಒಬ್ಬನೇ ಮಲಗೋಕೆ ಭಯ, ಅಮ್ಮನ ಹತ್ರ ಇರ್ಲಿ ಅಂದಿದಾರೆ. ಅವರ ಮಾತು ಮೀರಬೇಡಿ."

"ಅತ್ತಿಗೆ, ನಾನಿನ್ನೂ ಸತ್ತಿಲ್ಲ!"

"ಸಾಯಲ್ವಾ?"

"ಸಾಯ್ತೀನಿ, ಆದ್ರೆ ಇವತ್ತೇ ಹೇಗೆ?"

ಹೆಣದ ಮುಂದೆ ಅರ್ಧ ಗಂಟೆ ಜಾಗ ಅವನಿಗೆ, ಅಲ್ಲ ನಿಮಗೆ ಎಂದು ಕಿತ್ತಾಡಿದೆವು. ಕೊನೆಗೆ ಫಾದರ್, ಸದ್ಯಕ್ಕೆ ಜಾಗ ಬೇಕಾಗಿರುವುದು ಒಬ್ಬರಿಗೆ ಮಾತ್ರ ಎಂದು ಗದರಿದರು. ಸಂಜೆ ಅಣ್ಣನನ್ನು ಅಮ್ಮನ ಬಳಿ ಇಳಿಸಿದೆವು. ಕಲ್ಲಿನ ಮೇಲೆ ನನ್ನ ನೀಲಿಯ ಅಡಿಯಿಂದ ಅವನ ಬಿಳಿ ಅಲ್ಲಲ್ಲಿ ಎದ್ದು ಕಾಣುತ್ತಿತ್ತು.

"ಇನ್ನು ಹದಿನಾಲ್ಕು ವರ್ಷ ನೀವು ಸಾಯೋ ಹಾಗಿಲ್ಲ," ಎಂದಳು ಫಿಲೋಮಿನ, ವಾಪಸು ಬರುತ್ತಾ, ಮೂಗು ಒರೆಸಿಕೊಂಡು. "ದಿನಾ ಓದ್ಕೊಂಡಿರಿ."

ಓದುತ್ತಿದ್ದೇನೆ. ಪ್ರತಿ ತಪಸ್ಸುಕಾಲಕ್ಕೂ ಆ ಶುಕ್ರವಾರ ತಪ್ಪದೆ ಬರುತ್ತದಂತೆ, ಫಾದರನ್ನು ಕೇಳಿ ಖಚಿತಪಡಿಸಿಕೊಂಡೆ. ಅಲ್ಲಿಗೆ ಹದಿನಾಲ್ಕು ಶುಕ್ರವಾರ. ಕೊಡೆ ಬಾಗಿಲ ಬಳಿಯೇ ಇದೆ, ಹೋಗಿ ರಾಜಿಯಾಗಲು ಅಣ್ಣನಿಲ್ಲ.